ಬಲೆಗೆ ಬಂದ ಮಂಜುಶ್ರೀ

ನನ್ನ ಸೋದರತ್ತೆ ರಂಗೂನಿನಿಂದ ಕುಮಟೆಗೆ ಮರಳಿದಾಗ ಅವಳ ಜೊತೆ ಒಂದು ತಗಡಿನ ಟ್ರಂಕು ಮತ್ತು ಚೌಕಳಿ ಲುಂಗಿಯಲ್ಲಿ ಸುತ್ತಿದ ಒಂದು ಗಂಟು ಇದ್ದವು. ಟ್ರಂಕನ್ನು ಅಪ್ಪ ಬಸ್ಸಿನ ಮೇಲಿಂದ ಇಳಿಸಿಕೊಂಡರು. ಗಂಟನ್ನು ಅವಳು ಯಾರ ಕೈಗೂ ಕೊಡಲಿಲ್ಲ.

ಅದು ಯುದ್ಧದ ಕಾಲ, ನಲವತ್ತೆರಡರ ಬೇಸಿಗೆ. ಪೆಟ್ರೋಲು ಸಿಗದೆ ಹುಬ್ಬಳ್ಳಿಯ ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಘಟ್ಟ ಇಳಿದು ಬಂದವರೆಲ್ಲರ ಮುಖಕ್ಕೂ ಮಸಿ ಹತ್ತಿರುತ್ತಿತ್ತು. ಹಾಗಾಗಿ ಅತ್ತೆಯ ಮುಖ ನೋಡಿ ಏನನ್ನೂ ತಿಳಿಯುವಂತಿರಲಿಲ್ಲ. ಅವಳ ಗಂಡ ಹೊನ್ನಾವರದವರು. ರಂಗೂನಿನ ಒಂದು ಮರದ ಕಂಪನಿಯಲ್ಲಿ ಕಾರಕೂನರಾಗಿದ್ದರು. ಮೊದಲ ಬಾಂಬು ಬಿದ್ದ ದಿನ ಅವರು ಬಂದರಿನಲ್ಲಿದ್ದರು. ಗುರುತು ಹಿಡಿಯಲು ಅತ್ತೆಯೇ ಹೋಗಬೇಕಾಯಿತು. ಹೊನ್ನಾವರದ ಮನೆಯಲ್ಲಿ ನಿನಗೆ ಜಾಗವಿದೆ ಎಂದು ಗಂಡನ ಮನೆಯವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ತವರಿಗೆ ಬಂದಳು.

ಅವಳನ್ನು ಕಲಕತ್ತೆಯವರೆಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ ತಮ್ಮ ಮನೆಯ ಹೆಂಗಸರ ಜೊತೆ ಕೂಡಿಸಿಕೊಂಡು ತಂದವರು ಭಟ್ಕಳದ ಒಬ್ಬ ನವಾಯತ ಮುಸಲ್ಮಾನ ವ್ಯಾಪಾರಿ. ರಂಗೂನಿನಲ್ಲಿ ಅವರದು ಬಟ್ಟೆ ಅಂಗಡಿ. ನಮ್ಮ ಜಗಲಿಯ ಮೇಲೆ ಕೂತು ಎಳನೀರು ಕುಡಿದು ಅಪ್ಪನಿಗೆ ಹೇಳಿದರು:

“ಮಾಸ್ತರೇ, ನಿಮ್ಮ ತಂಗಿ ದಾರಿಯಲ್ಲಿ ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು, ಆ ಗಂಟು ಒಂದು ಬಿಡಲಿಲ್ಲ. ನಮ್ಮ ಲುಂಗಿ ಅದು. ವಾಪಸು ಕೊಡೂದು ಬೇಡ.”

ಅಪ್ಪ ಮಾಸ್ತರರಲ್ಲ, ಕೋರ್ಟಿನ ಗುಮಾಸ್ತರು. ಆದರೆ ಅವರನ್ನು ತಿದ್ದಲು ಅದು ಹೊತ್ತಾಗಿರಲಿಲ್ಲ.

ಗಂಟಿನಲ್ಲಿದ್ದದ್ದು ಒಂದು ಮರದ ಮೂರ್ತಿ. ಗೇಣಿಗಿಂತ ಸ್ವಲ್ಪ ಎತ್ತರ. ಮೊದಲು ಮೈತುಂಬ ಬಂಗಾರದ ಬಣ್ಣವಿದ್ದಿರಬೇಕು. ಮೂಗು, ಮೊಣಕಾಲುಗಳಲ್ಲಿ ಅದು ಸವೆದು ಕಪ್ಪು ಮರ ಕಾಣುತ್ತಿತ್ತು. ತಾವರೆಯ ಮೇಲೆ ಪದ್ಮಾಸನ ಹಾಕಿ ಕೂತ ಎಳೆಯ ಮುಖ. ಕಿವಿಯಲ್ಲಿ ದೊಡ್ಡ ಓಲೆ, ತಲೆಯ ಮೇಲೆ ಎತ್ತಿ ಕಟ್ಟಿದ ಜಡೆ. ಬಲಗೈ ತಲೆಯ ಮೇಲಕ್ಕೆ ಖಡ್ಗ ಎತ್ತಿ ಹಿಡಿದಿತ್ತು. ಎಡಗೈ ಎದೆಯ ಹತ್ತಿರ ಒಂದು ಹೂವಿನ ದಂಟನ್ನು ಹಿಡಿದಿತ್ತು. ಆ ಹೂವು ಭುಜದ ಪಕ್ಕದಲ್ಲಿ ಅರಳಿ, ಅದರ ಮೇಲೆ ತಾಳೆಗರಿಯ ಪುಸ್ತಕದ ಕಟ್ಟು ಕೂತಿತ್ತು. ಖಡ್ಗ ಅರ್ಧವೇ ಇತ್ತು. ಹಡಗಿನ ನೂಕುನುಗ್ಗಲಿನಲ್ಲಿ ಮೇಲಿನ ಅರ್ಧ ಮುರಿದು ಹೋಗಿತ್ತು.

“ಇದ್ಯಾರು?” ಎಂದು ಅಜ್ಜಿ ಕೇಳಿದಳು. ಅಜ್ಜಿ ಎಂದರೆ ಅಪ್ಪನ ಮತ್ತು ಈ ಅತ್ತೆಯ ತಾಯಿ. ಮನೆಯಲ್ಲಿ ಕೊನೆಯ ಮಾತು ಅವಳದು.

“ಮಂಜುಶ್ರೀ,” ಎಂದಳು ಅತ್ತೆ.

ಅಜ್ಜಿ ಓಲೆ ನೋಡಿದಳು, ಜಡೆ ನೋಡಿದಳು, ಎತ್ತಿದ ಖಡ್ಗ ನೋಡಿದಳು. ಹೆಸರೂ ಹೆಣ್ಣಿನದೇ ಎಂದು ಅವಳಿಗೆ ಕೇಳಿಸಿರಬೇಕು. “ರಂಗೂನಿನ ದೇವಿ,” ಎಂದು ತೀರ್ಮಾನಿಸಿ, ದೇವರ ಕೋಣೆಯ ಹೊರಗಿನ ಗೋಡೆಗೂಡಿನಲ್ಲಿ ಇಡಲು ಒಪ್ಪಿದಳು. ಒಳಗೆ ಬೇಡ, ಒಳಗಿನವರಿಗೆ ಪರಿಚಯವಿಲ್ಲ ಎಂದಳು. ಮರುದಿನದಿಂದ ಅದರ ಹಣೆಗೆ ಕುಂಕುಮ, ಪಾದಕ್ಕೊಂದು ಕೆಂಪು ದಾಸವಾಳ. ಅದು ಗಂಡು ರೂಪ, ಬೌದ್ಧರ ದೇವತೆ, ಜ್ಞಾನದ ದೇವತೆ ಎಂದು ಅತ್ತೆ ನನಗೊಬ್ಬಳಿಗೆ ಹೇಳಿದಳು. ಅಜ್ಜಿಗೆ ಹೇಳಲಿಲ್ಲ. ಹೂವು ಸಿಗುತ್ತಿದೆಯಲ್ಲ ಎಂದಳು.

ನಾನು ಧಾರವಾಡದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಗೆ ಬಂದವಳು ಮಳೆಗಾಲದಲ್ಲಿ ಹೋಗಿ, ಆಗಸ್ಟಿನಲ್ಲಿ ಚಳವಳಿ ಶುರುವಾಗಿ ಕಾಲೇಜು ಮುಚ್ಚಿದ ಕೂಡಲೇ ಮತ್ತೆ ಮನೆಗೆ ಬಂದೆ. ಅತ್ತೆ ನನಗಿಂತ ಕೆಲವೇ ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನಗೆ ಮಗ್ಗಿ ಹೇಳಿಕೊಟ್ಟವಳು ಅವಳೇ. ಈಗ ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಅವಳು ಗೂಡಿನ ಮುಂದೆ ಚಾಪೆ ಹಾಸಿ ಕೂರುತ್ತಿದ್ದಳು. ನಾನು ಪಕ್ಕದ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಅವಳು ಮಂತ್ರ ಹೇಳುತ್ತಿರಲಿಲ್ಲ, ಕೈ ಮುಗಿಯುತ್ತಲೂ ಇರಲಿಲ್ಲ. ಕೊನೆಗೆ ಒಂದು ದಿನ ಕೇಳಿದೆ.

“ಅತ್ತೇ, ಅಲ್ಲಿ ಕೂತು ಎಂತ ಮಾಡ್ತೆ?”

“ನೋಡೂದು. ಮೊದ್ಲು ಪಾದ. ಆಮೇಲೆ ಮಡಿಲು. ಎದೆ ಹತ್ರದ ಕೈ, ಹೂವು, ಪುಸ್ತಕ. ಮುಖ. ಕಡೀಗೆ ಕತ್ತಿ. ಎಲ್ಲ ಸರಿಯಾಗಿ ನೋಡಿ ಆದ್ಮೇಲೆ ಕಣ್ಣು ಮುಚ್ಚೂದು. ಮುಚ್ಚಿದ್ಮೇಲೂ ಅದೇ ಕಾಣ್ಬೇಕು.”

“ಕಾಣ್ತದ್ಯಾ?”

“ಮಡಿಲಿನವರೆಗೆ ಕಾಣ್ತದೆ. ಆಮೇಲೆ ಬಂದರು ಕಣ್ಣಿಗೆ ಬತ್ತದೆ.”

ಯಾವ ಬಂದರು ಎಂದು ನಾನು ಕೇಳಲಿಲ್ಲ. ಅವಳೇ ಉಳಿದದ್ದನ್ನು ಹೇಳಿದಳು. ರಂಗೂನಿನಲ್ಲಿ ಅವರ ಮೇಲಿನ ಮಾಳಿಗೆಯಲ್ಲಿ ನೇಪಾಳದ ಒಬ್ಬ ಮುದುಕಿ ಇದ್ದಳು. ಮೂರ್ತಿ ಅವಳದು. ಕೂರುವುದನ್ನು ಕಲಿಸಿದವಳೂ ಅವಳೇ. ಬಂದರಿನಲ್ಲಿ ನೋಡಬಾರದ್ದನ್ನು ನೋಡಿ ಬಂದ ಅತ್ತೆ ಕಣ್ಣು ಮುಚ್ಚಲು ಹೆದರುತ್ತಿದ್ದಾಳೆ ಎಂದು ತಿಳಿದು, ಹಡಗು ಹತ್ತುವ ಹಿಂದಿನ ದಿನ ಮೂರ್ತಿಯನ್ನು ಇಳಿಸಿ ತಂದುಕೊಟ್ಟಳು. “ನಂಗೆ ಕಣ್ಣು ಮುಚ್ಚಿದ್ರೂ ಕಾಣ್ತದೆ. ನಿಂಗೆ ಇನ್ನೂ ಬೇಕು,” ಎಂದಳಂತೆ. ಹಿಂದೂಸ್ತಾನಿಯಲ್ಲಿ ಹೇಳಿದ ಮಾತನ್ನು ಅತ್ತೆ ನಮ್ಮ ಮಾತಿಗೆ ತಿರುಗಿಸಿಕೊಂಡಿದ್ದಳು.

ಚೌತಿಯ ಹೊತ್ತಿಗೆ ಅವಳಿಗೆ ಎದೆಯ ಹತ್ತಿರದ ಕೈಯವರೆಗೆ ಕಾಣತೊಡಗಿತ್ತು. ಇದನ್ನು ಅವಳು ನನಗೆ ಹೇಳಿದ್ದು ಅಡಿಗೆಮನೆಯಲ್ಲಿ, ಬೆಲ್ಲ ಹೆರೆಯುತ್ತ. ಎಷ್ಟು ಸಹಜವಾಗಿ ಹೇಳಿದಳೆಂದರೆ ನನ್ನ ತಾಯಿ ಯಾವುದೋ ಹೊಲಿಗೆಯ ಮಾತು ಎಂದುಕೊಂಡರು.

ಚೌತಿಯ ದಿನ ಗಣಪತಿಯ ಪೂಜೆಗೆ ಬಂದ ಪುರೋಹಿತರು ಆ ಗೂಡಿನ ಮುಂದೆ ನಿಂತರು.

“ಇದೆಂತದು?”

“ದೇವಿ. ಮಗಳು ರಂಗೂನಿಂದ ತಂದದ್ದು,” ಎಂದಳು ಅಜ್ಜಿ.

“ದೇವಿಗೆ ಸೀರೆ ಎಲ್ಲಿ?”

“ಆ ಸೀಮೆಲಿ ಹೆಂಗೆ ಉಡ್ತ್ರೋ ಯಾರಿಗೆ ಗೊತ್ತು.”

ಪುರೋಹಿತರು ನಕ್ಕರು. ಆಮೇಲೆ ಬಗ್ಗಿ ನೋಡಿದವರ ನಗು ನಿಂತಿತು. “ದೇವಿ ಆಗ್ಲಿ ದೇವ್ರಾಗ್ಲಿ, ಕತ್ತಿ ಮುರ್ದೋಗದೆ. ಭಿನ್ನ ಆದದ್ದು. ಇಂಥದ್ದು ಮನೆಯೊಳಗೆ ಇಡೂಕಾಗ. ಗಣಪತಿ ಬಿಡೂ ದಿನ ಇದನ್ನೂ ನೀರಿಗೆ ಬಿಟ್ಬಿಡಿ.”

ಭಿನ್ನವಾದ ಮೂರ್ತಿಯನ್ನು ಪೂಜಿಸಬಾರದು, ಮನೆಯಲ್ಲಿಡಬಾರದು, ನೀರಿಗೆ ಬಿಡಬೇಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರೂಢಿ. ಮೂರ್ತಿ ಮುರಿದಿದೆ ಎಂಬುದು ಅಜ್ಜಿಗೂ ಮೊದಲಿನಿಂದ ಕಾಣುತ್ತಿತ್ತು. ಬಾಯಿಬಿಟ್ಟು ಯಾರಾದರೂ ಹೇಳುವವರೆಗೆ ಅವಳು ಅದನ್ನು ಕಾಣದವಳಂತೆ ಇದ್ದಳು, ಅಷ್ಟೆ. ಈಗ ಹೇಳಿ ಆಗಿತ್ತು. ಅವಳಿಗೆ ಹೆದರಿಕೆ ಹುಟ್ಟಿತು, ಮತ್ತು ಆ ಹೆದರಿಕೆ ಮಗಳ ಸಲುವಾಗಿಯೇ ಇತ್ತು.

“ಮತ್ತೆಂತ ಆಗೂಕೆ ಬಾಕಿ ಅದೆ ಇವಳಿಗೆ? ನಾ ಇನ್ನೊಂದು ನೋಡೂಕೆ ತಯಾರಿಲ್ಲ,” ಎಂದಳು. ಅತ್ತೆಯ ಕಡೆ ನೋಡದೆ, “ಆಗ್ಬಹುದಾ?” ಎಂದು ಕೇಳಿದಳು.

“ಆತು ಆಯಿ,” ಎಂದಳು ಅತ್ತೆ.

ಆ ಮನೆಯಲ್ಲಿ ಅವಳದು ಎನ್ನುವ ವಸ್ತು ಅದೊಂದೇ. ಆದರೆ ತಾಯಿಯ ಮನೆಯಲ್ಲಿ ಅನ್ನ ಉಣ್ಣುತ್ತಿರುವ ಮಗಳು ಬೇರೇನು ಹೇಳಬಹುದಿತ್ತು ಎಂದು ನನಗೆ ಇವತ್ತಿಗೂ ತಿಳಿಯದು.

ಗಣಪತಿ ಬಿಡುವಾಗ ಗಂಡಸರು ಮೂರ್ತಿ ಹೊತ್ತರು. ನಾವು ಕೇರಿಯ ಹುಡುಗಿಯರು ಜಾಗಟೆಯ ಹಿಂದೆ ನಡೆದೆವು. ಅತ್ತೆ ಮನೆಯಲ್ಲಿ ಉಳಿದಳು. ಅಪ್ಪ ಮೊಣಕಾಲು ನೀರಿಗಿಳಿದು ಮಣ್ಣಿನ ಗಣಪತಿಯನ್ನು ಬಿಟ್ಟರು, ಅದರ ಬೆನ್ನಿಗೆ ಬಾಳೆಲೆಯಲ್ಲಿ ಇಟ್ಟಿದ್ದ ಮಂಜುಶ್ರೀಯನ್ನೂ ಬಿಟ್ಟರು. ಬಿಟ್ಟು ತಿರುಗಿದ ಮೇಲೆ ಹಿಂದೆ ನೋಡಬಾರದು. ನೋಡಿದರೆ ದೇವರಿಗೆ ಹೋಗಲು ಮನಸ್ಸು ಬರುವುದಿಲ್ಲ ಎನ್ನುತ್ತಾರೆ. ನಾವೆಲ್ಲ ಜಯಕಾರ ಹಾಕುತ್ತ, ಬೆನ್ನು ಮಾಡಿ, ಉಸುಕಿನ ಮೇಲೆ ನೇರವಾಗಿ ನಡೆದು ಬಂದೆವು. ಮಣ್ಣಿನ ಗಣಪತಿ ಕರಗುತ್ತಾನೆ. ಕಲ್ಲಿನದು, ತಾಮ್ರದ್ದು ಮುಳುಗುತ್ತದೆ. ಮರ ತೇಲುತ್ತದೆ ಎಂಬ ವಿಷಯ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಚಾಪೆ ಹಾಸಿ ಖಾಲಿ ಗೂಡಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೇ ಎದ್ದು ಚಾಪೆ ಸುತ್ತಿಟ್ಟಳು. ಆಮೇಲೆ ಹಾಸಲಿಲ್ಲ. ಬಂದರಿನ ಕಡೆಯಿಂದ ಹಡಗಿನ ಭೋಂಗಾ ಕೂಗಿದ್ದು ಕೇಳಿದರೆ ಅವಳ ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಹಾಗಾಗುತ್ತಿತ್ತು, ನಡುವೆ ನಿಂತಿತ್ತು, ಈಗ ಮತ್ತೆ ಶುರುವಾಯಿತು. ಮಧ್ಯಾಹ್ನ ಎಲ್ಲರೂ ಮಲಗಿದರೆ ಅವಳು ಮಲಗುತ್ತಿರಲಿಲ್ಲ, ಹಿತ್ತಿಲಲ್ಲಿ ತಿರುಗುತ್ತಿದ್ದಳು. ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಖಾಲಿ ಗೂಡಿನಲ್ಲಿ ಕೃಷ್ಣನ ಪಟವನ್ನು ತಂದಿಟ್ಟಳು. ಚೆಂದದ ಪಟ, ಕಟ್ಟು ಹಾಕಿಸಿದ್ದು. ಅತ್ತೆ ಅದಕ್ಕೆ ನಮಸ್ಕಾರ ಮಾಡಿ ಒಳಗೆ ಹೋದಳು. ನಾಲ್ಕು ದಿನ ಕಳೆದ ಮೇಲೆ ಅಜ್ಜಿಯೇ ಪಟವನ್ನು ಎತ್ತಿ ಮೊದಲಿನ ಮೊಳೆಗೆ ತೂಗುಹಾಕಿದಳು.

ಮಳೆ ಹಿಂದೆ ಸರಿದು ಗಾಳಿ ತಿರುಗಿತು. ದಂಡೆಯ ಮೇಲಿನ ಬಾಡ ಎಂಬ ಹಳ್ಳಿಯಿಂದ ಮೀನು ತರುವ ಮುದುಕಿ ಮತ್ತೆ ನಮ್ಮ ಮನೆಗೆ ಬರತೊಡಗಿದಳು. ಅವಳ ಮಗ ಅಲ್ಲಿಯ ರಂಪಣಿ ಬಲೆಯ ತಾಂಡೇಲ. ರಂಪಣಿ ಎಂದರೆ ದಂಡೆಯಿಂದ ಇಡೀ ಕೇರಿಯೇ ಸೇರಿ ಎಳೆಯುವ ದೊಡ್ಡ ಬಲೆ. ಅದರ ಯಜಮಾನಿಕೆ ತಾಂಡೇಲನದು. ಆ ದಿನ ಅವಳು ಬುಟ್ಟಿ ಇಳಿಸುವ ಮೊದಲೇ ಹೇಳಿದಳು:

“ಅಮ್ಮಾ, ಇವತ್ತು ಚೌಕಾಸಿ ಮಾಡೂಕಿಲ್ಲ. ದೇವಿ ಕೊಟ್ಟ ಬಂಗಡೆ.”

“ನಿನ್ನ ಬಂಗಡೆ ದಿನಾ ಯಾರೋ ಒಬ್ರು ಕೊಟ್ಟದ್ದೇ ಆಗ್ತದೆ,” ಎಂದಳು ಅಜ್ಜಿ.

“ಅಲ್ಲವೇ ಮಾರಾಯ್ತಿ, ಖರೆ. ಬಲೆಗೆ ದೇವಿ ಬಂದದೆ. ಎಳೂವಾಗ ಎಂತಾ ಭಾರ ಅಂತ್ರಿ, ದಂಡೆಗೆ ಬಂದ್ರೆ ಬಂಗಡೆ ರಾಶಿ, ರಾಶಿ ಮೇಲೆ ಅವ್ಳು ಕೂತ್ಕಂಡದೆ. ಕಾಲು ಮಡ್ಚಿ, ಕತ್ತಿ ಎತ್ತಿ. ಕತ್ತಿ ಅರ್ಧವೇ. ಸಮುದ್ರದಾಗೆ ಯಾರ ಕೂಡೆ ಜಗಳ ಆಡ್ತೋ ಎಂತೋ.”

ಅತ್ತೆ ಬಾವಿಯ ಹತ್ತಿರ ಕೊಡ ತುಂಬಿಸುತ್ತಿದ್ದಳು. ಹಗ್ಗ ಹಿಡಿದುಕೊಂಡೇ ತಿರುಗಿದಳು. “ಎಡಗೈಲಿ ಹೂವು ಅದ್ಯಾ?”

“ಅದೆ. ಹೂವಿನ ಮೇಲೊಂದು ಕಟ್ಟು. ಬೀಡಿ ಕಟ್ಟು ಅಂತದೆ ನನ್ನ ಮಗ.”

ಅತ್ತೆ ನಕ್ಕಳು. ರಂಗೂನಿನಿಂದ ಬಂದ ಮೇಲೆ ಅವಳು ನಕ್ಕದ್ದು ನಾನು ಅದೇ ಮೊದಲು ಕೇಳಿದ್ದು. ಅಜ್ಜಿಯೂ ಕೇಳಿದಳು. ಆದ್ದರಿಂದಲೇ ಇರಬೇಕು, ಮುದುಕಿ ಹೋದ ಮೇಲೆ ಅಜ್ಜಿಯ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

“ಬಿಟ್ಟ ದೇವ್ರನ್ನ ತಿರ್ಗಿ ಮನೆಗೆ ತರೂದುಂಟಾ? ಅದೂ ಭಿನ್ನ ಆದದ್ದು?”

“ತರೂದಿಲ್ಲ ಆಯಿ. ನೋಡಿ ಬತ್ತೆ.”

“ಇವಳನ್ನೂ ಕರ್ಕಂಡು ಹೋಗು,” ಎಂದಳು ಅಜ್ಜಿ ನನ್ನ ಕಡೆ ತೋರಿಸಿ. “ಕಾಲೇಜು ಇಲ್ಲ, ಎಂತಿಲ್ಲ. ಕೂತು ಕೂತು ಬೇರು ಬಿಟ್ಟದೆ.”

ಬಾಡದ ದಂಡೆಯಲ್ಲಿ, ದೋಣಿಗಳನ್ನು ಎಳೆದಿಡುವ ಚಪ್ಪರದ ಪಕ್ಕ ಒಂದು ಸುರಹೊನ್ನೆ ಮರ. ಅದರ ಬುಡದ ಕಲ್ಲಿನ ಮೇಲೆ ಮಂಜುಶ್ರೀ ಕೂತಿದ್ದ. ಉಪ್ಪುನೀರು ಬಂಗಾರದ ಬಣ್ಣವನ್ನೆಲ್ಲ ತಿಂದುಹಾಕಿತ್ತು. ಸೊಂಟಕ್ಕೆ ಕೆಂಪು ಖಣದ ತುಂಡನ್ನು ಸೀರೆಯ ಹಾಗೆ ಸುತ್ತಿದ್ದರು. ಮುಂದೆ ಎಣ್ಣೆಯ ದೀಪ, ದಾಸವಾಳ. ಮರದ ಬೇರಿಗೆ ಒಂದು ಕೋಳಿಹುಂಜವನ್ನು ಕಟ್ಟಿದ್ದರು. ಅದು ಜೋರಾಗಿ ಕೂಗುತ್ತಿತ್ತು.

ಅತ್ತೆ ಯಾರನ್ನೂ ಮಾತಾಡಿಸಲಿಲ್ಲ. ಉಸುಕಿನ ಮೇಲೆ ಕೂತಳು. ಪಾದದಿಂದ ಶುರುಮಾಡಿದಳೆಂದು ನನಗೆ ಗೊತ್ತಾಯಿತು, ಅವಳ ಕಣ್ಣು ನಿಧಾನ ಮೇಲೇರುತ್ತಿತ್ತು. ಆಮೇಲೆ ಕಣ್ಣು ಮುಚ್ಚಿದಳು.

ಬಲೆ ಸರಿಮಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ದೇವಿಯ ಮುಂದೆ ಹೆಂಗಸೊಬ್ಬಳು ಕಣ್ಣು ಮುಚ್ಚಿ ಅಲುಗದೆ ಕೂತರೆ ಅವರಿಗೆ ಅದರ ಅರ್ಥ ಒಂದೇ.

“ಮೈಮೇಲೆ ಬತ್ತದೆ ಕಾಣ್ತದೆ,” ಎಂದಳು ಒಬ್ಬಳು ಮೆಲ್ಲಗೆ.

“ನೀರು ತಕಂಬಾ. ಅರಿಸಿನ ತಕಂಬಾ.”

“ಪೇಟೆಯವ್ರ ಮೈಮೇಲೂ ಬತ್ತದ್ಯಾ?”

“ದೇವ್ರಿಗೆ ಪೇಟೆ ಎಂತದು, ಕೇರಿ ಎಂತದು? ಸುಮ್ನಿರು.”

ನಾನು ತಡೆಯಬೇಕೆಂದುಕೊಂಡೆ. ಅಷ್ಟರಲ್ಲಿ ಮೀನಿನ ಮುದುಕಿ ಮುಂದೆ ಬಂದು, ಸೆರಗು ಹೊದ್ದು, ಭಯಭಕ್ತಿಯಿಂದ ಕೇಳಿಯೇಬಿಟ್ಟಳು. “ತಾಯೀ, ಇನ್ನು ಬಲೆ ಎತ್ಲಾಗೆ ಬಿಡ್ಲಿ? ಅಪ್ಪಣೆ ಆಗ್ಲಿ.”

ಅತ್ತೆ ಕಣ್ಣು ಬಿಟ್ಟಳು. ಸುತ್ತ ನಿಂತವರನ್ನು, ಅರಿಸಿನದ ತಟ್ಟೆಯನ್ನು ನೋಡಿದಳು.

“ನಂಗೆ ಗೊತ್ತಿಲ್ಲ,” ಎಂದಳು.

ಹುಂಜ ಕೂಗಿತು. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು. ಮುದುಕಿ ಮಾತ್ರ ನಗಲಿಲ್ಲ. “ನಿಮ್ಮನೆ ಬಾವಿ ಕಟ್ಟೇಲಿ ಹೂವು ಅದ್ಯಾ ಅಂತ ಕೇಳಿದ್ದೆಂತಕ್ಕೆ ಅಂತ ಈಗ ತಿಳೀತು. ಇದು ನಿಮ್ದು.”

“ಹೌದು.”

“ನೀವು ಬಿಟ್ಟದ್ದು.”

“ಹೌದು.”

“ನಾವು ಕೇಳೂಕೆ ಹೋಗಿಲ್ಲ. ಸಮುದ್ರ ಕೊಟ್ಟದ್ದು. ಬಲೆಗೆ ಬಂದದ್ದು ಇಡೀ ಕೇರಿದು, ನನ್ನ ಮಗ ತಾಂಡೇಲ ಆದ್ರೂ ಅವ್ನೊಬ್ನೇ ಎತ್ತಿ ಕೊಡೂಕೆ ಬರೂದಿಲ್ಲ.”

ನ್ಯಾಯ ಅವಳ ಕಡೆಗೇ ಇತ್ತು. ಕೋರ್ಟಿನ ಗುಮಾಸ್ತರ ಮಗಳಾಗಿ ನಾನು ಅದನ್ನು ಒಪ್ಪಬೇಕಾಯಿತು. ಅತ್ತೆಯೂ ಒಪ್ಪಿದಳು. “ನಾ ಕೇಳೂಕೆ ಬಂದದ್ದಲ್ಲ,” ಎಂದು ಎದ್ದಳು. ಆದರೆ ಎದ್ದವಳು ಹುಂಜದ ಕಡೆ ನೋಡಿ ನಿಂತಳು. “ಇದು ಎಂತಕ್ಕೆ?”

“ಅಮಾಸೆಗೆ. ದೇವಿಗೆ.”

“ಬೇಡ.” ಅಷ್ಟು ಗಟ್ಟಿಯಾಗಿ ಅತ್ತೆ ಮಾತಾಡಿದ್ದು ನಾನು ಕೇಳಿರಲಿಲ್ಲ. “ಇದು ದೇವಿ ಅಲ್ಲ. ಮಂಜುಶ್ರೀ ಅಂತ ಹೆಸ್ರು. ಜೀವ ತಕಂಬೂದಿಲ್ಲ.”

“ಕತ್ತಿ ಎತ್ಕಂಡು ಕೂತದೆ, ಕೋಳಿ ಬೇಡ ಅಂದ್ರೆ ಯಾರು ನಂಬ್ತ್ರು?”

“ಕತ್ತಿ ಬೇರೆ ಕೆಲ್ಸಕ್ಕೆ. ಅವ್ನ ಸೀಮೆಲಿ ಒಂದು ದೊಡ್ಡ ಕೆರೆ ಇತ್ತು. ಜನ ಇರೂಕೆ ಜಾಗ ಇರ್ಲಿಲ್ಲ. ಅವ್ನು ಕತ್ತಿಲಿ ಗುಡ್ಡ ಕಡ್ದು ನೀರು ಬಿಟ್ಟ. ಆಮೇಲೆ ಊರಾತು.”

“ನೀರೆಲ್ಲ ಬಿಟ್ನಾ?” ಎಂದಳು ಒಬ್ಬಳು ಗಾಬರಿಯಾಗಿ. “ಮತ್ತೆ ಮೀನು?”

“ಅಯ್ಯೋ, ಇಂಥವ್ನನ್ನ ತಂದು ದಂಡೆ ಮೇಲೆ ಕೂರ್ಸಿದ್ರಲ್ಲೇ!” ಎಂದು ಇನ್ನೊಬ್ಬಳು. ಮತ್ತೆ ನಗು.

ಅತ್ತೆಗೂ ನಗು ಬಂತು. “ಅದು ಕಥೆ. ಕತ್ತಿ ಕಡಿಯೂದು ತಿಳೀದೇ ಇದ್ದದ್ದನ್ನ. ಮನ್ಸಿನ ಒಳಗಿನ ಕತ್ತಲೆ.”

“ಆ ಬೀಡಿ ಕಟ್ಟು?”

“ಪುಸ್ತಕ.”

ಇದನ್ನು ಕೇಳಿ ಮುದುಕಿ ಮೂರ್ತಿಯ ಹತ್ತಿರ ಹೋಗಿ, ಕೂತು, ಆ ಕಟ್ಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

“ಪುಸ್ತಕದ ದೇವ್ರು,” ಎಂದಳು ಕಡೆಗೆ. “ಇಡೀ ಸಮುದ್ರ ಬಿಟ್ಟು ಒಂದಕ್ಷರ ಬರ್ದೇ ಇದ್ದೋರ ಬಲೆಗೆ ಬಂದು ಕೂತದೆ. ನೋಡ್ರೇ ಇವ್ನ ಬುದ್ಧಿ.”

“ಶಾಲೆಗೆ ಗಂಡುಮಕ್ಳು ಹೋಗ್ತ್ರು,” ಎಂದಳು ಅವಳ ಸೊಸೆ. “ಹೆಣ್ಣುಮಕ್ಳಿಗೆ ಮೀನು ಒಣ್ಸೂ ಕೆಲ್ಸ. ಬಿಡುವು ಮಧ್ಯಾಹ್ನದ ಮೇಲೇ. ಆಗ ಶಾಲೆ ಬಿಟ್ಟಿರ್ತದೆ.”

ಮುದುಕಿ ಅತ್ತೆಯ ಕಡೆ ತಿರುಗಿದಳು. “ನಿಂಗೆ ಓದು ಬತ್ತದ್ಯಾ?”

“ಬತ್ತದೆ.”

“ಹಂಗಾದ್ರೆ ಹಿಂಗೆ ಮಾಡ್ವ. ದೇವ್ರು ಇಲ್ಲೇ ಇರ್ಲಿ. ನೀನು ಬಾ. ನಿನ್ನ ಕಣ್ಮುಚ್ಚೂದು ಎಂತದದೆ, ಅದು ಮಾಡ್ಕ. ಆಮೇಲೆ ನಮ್ಮ ಹುಡ್ಗೀರಿಗೆ ಅಕ್ಷರ ಹೇಳ್ಕೊಡು. ಕೋಳಿ ಬಿಡ್ತೆವು. ಪುಸ್ತಕದವ್ನಿಗೆ ಪುಸ್ತಕವೇ ಹರಕೆ.”

ಅತ್ತೆ ಮನೆಗೆ ಹೋಗಿ ಕೇಳಿ ಹೇಳುತ್ತೇನೆ ಎಂದಳು. ಮುದುಕಿ ಅಲ್ಲಿಯವರೆಗೆ ಹುಂಜ ಕಟ್ಟಿಯೇ ಇರುತ್ತದೆ ಎಂದಳು.

ಮನೆಯಲ್ಲಿ ಮಾತು ಸುಲಭವಾಗಿ ಮುಗಿಯಲಿಲ್ಲ. ಅಪ್ಪನಿಗೆ ಊರಿನ ಬಾಯಿಯ ಚಿಂತೆ. ಗಂಡ ಸತ್ತ ಹೆಂಗಸು ಅಷ್ಟು ದೂರ ನಡೆದು ಮೀನುಗಾರರ ಕೇರಿಗೆ ಹೋಗಿ ಮರದ ಬುಡದಲ್ಲಿ ಶಾಲೆ ನಡೆಸುವುದು ಎಲ್ಲಿಯಾದರೂ ಉಂಟೇ ಎಂದರು. ಊರವರು ಏನೆಂದಾರು ಎಂದರು. ಅತ್ತೆ ತನ್ನ ಪರವಾಗಿ ಏನೂ ವಾದಿಸಲಿಲ್ಲ. “ಅಮಾಸೆ ಒಳಗೆ ಹೇಳ್ಬೇಕು. ಅವ್ರು ಕೋಳಿ ಕಟ್ಟಿಟ್ಟದೆ,” ಎಂದಷ್ಟೇ ಹೇಳಿದಳು.

ಅಜ್ಜಿ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಅಡಕತ್ತರಿ ಕೆಳಗಿಟ್ಟಳು.

“ನೀ ಊರವ್ರ ಮಾತು ಹೇಳ್ತೆ. ಊರವ್ರು ಬಂದು ಇವ್ಳು ಬೀಳ್ಸಿದ ಪಾತ್ರೆ ಎತ್ತಿಡ್ತ್ರಾ?” ಎಂದಳು ಮಗನಿಗೆ. ಮತ್ತೆ ನನ್ನ ಕಡೆ ನೋಡಿ, “ಇವ್ಳು ಅಲ್ಲಿ ನಕ್ಕಳಾ?” ಎಂದು ಕೇಳಿದಳು.

“ನಕ್ಕಳು,” ಎಂದೆ.

“ಆತಲ್ಲ ಮತ್ತೆ,” ಎಂದು ಅಡಕತ್ತರಿ ಎತ್ತಿಕೊಂಡಳು.

ಹುಂಜ ಬದುಕಿತು. ಅತ್ತೆ ವಾರಕ್ಕೆರಡು ಸಲ ಹೋಗತೊಡಗಿದಳು, ಆಮೇಲೆ ಮೂರು ಸಲ. ಊಟ ಮುಗಿಸಿ, ಕಪ್ಪು ಕೊಡೆ ಹಿಡಿದು, ಅಪ್ಪನ ಹಳೆಯ ಚೀಲದಲ್ಲಿ ಬಳಪ ಹಾಕಿಕೊಂಡು. ಮೊದಲು ಉಸುಕಿನ ಮೇಲೆ ಬೆರಳಿನಿಂದ ಬರೆಸಿದಳು. ಉಸುಕಿಗೆ ಅಲ್ಲಿ ಬರವಿಲ್ಲ. ಹುಡುಗಿಯರ ಜೊತೆ ಅವರ ತಾಯಂದಿರೂ ಬಂದು ಕೂತರು, ಬಲೆಯ ತೂತು ಹೊಲಿಯುತ್ತ. ಅಕ್ಷರ ತಿದ್ದುವಾಗ ಹುಡುಗಿಯರಿಗಿಂತ ಅವರದೇ ಗಲಾಟೆ ಹೆಚ್ಚು ಎಂದು ಅತ್ತೆ ಮನೆಯಲ್ಲಿ ಬಂದು ಹೇಳುತ್ತಿದ್ದಳು. ಊಟದ ಹೊತ್ತಿಗೆ ಹೇಳಲು ಅವಳ ಹತ್ತಿರ ಏನಾದರೂ ಇರುತ್ತಿತ್ತು. ಅವರು ಅವಳನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಹೇಳುವ ಮಾತು ಅದು. ಅದನ್ನು ಮಾತ್ರ ಅವಳು ಹೇಳಲಿಲ್ಲ. ಮೀನಿನ ಮುದುಕಿಯ ಬಾಯಿಂದ ನಮಗೆ ತಿಳಿಯಿತು.

ಪಾಠಕ್ಕೆ ಮೊದಲು ಅವಳು ಮಂಜುಶ್ರೀಯ ಮುಂದೆ ಕೂರುವುದನ್ನು ಬಿಡಲಿಲ್ಲ. ಹುಡುಗಿಯರು ಹಿಂದೆ ಸಾಲಾಗಿ ಕೂತು ತಾವೂ ಕಣ್ಣು ಮುಚ್ಚುತ್ತಿದ್ದರಂತೆ. ಯಾರು ಮೊದಲು ಕಣ್ಣು ಬಿಟ್ಟರೆಂದು ಆಮೇಲೆ ಜಗಳ.

ನಾನು ಧಾರವಾಡಕ್ಕೆ ಹೋದೆ, ಪರೀಕ್ಷೆ ಬರೆದೆ. ಮುಂದಿನ ಚೌತಿಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಸುದ್ದಿ ಹೇಳಿದಳು. ಮುರ್ಡೇಶ್ವರದಿಂದ ಬಾಡಕ್ಕೆ ದೋಣಿ ರಿಪೇರಿಗೆ ಬಂದ ಬಡಗಿಯೊಬ್ಬನಿಗೆ ಕೇರಿಯವರು ಹೇಳಿ ಮಂಜುಶ್ರೀಯ ಖಡ್ಗವನ್ನು ಸರಿಮಾಡಿಸಿದ್ದರು. ಅಜ್ಜಿ ತಾನೇ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿ ಬಂದಿದ್ದಳು.

“ಪೂರ್ತಿ ಆಗದೆ. ಎಲ್ಲೂ ಬಿರುಕಿಲ್ಲ. ಇನ್ನು ಅದು ಭಿನ್ನ ಅಲ್ಲ,” ಎಂದಳು. ಪುರೋಹಿತರನ್ನೂ ಕೇಳಿಯಾಗಿತ್ತು, ಪೂರ್ತಿ ಆಗಿದ್ದರೆ ಅಡ್ಡಿಯಿಲ್ಲ ಎಂದಿದ್ದರು. ಬಾಡದ ಮುದುಕಿಯನ್ನೂ ಕೇಳಿಯಾಗಿತ್ತು. ಅಕ್ಕೋರು ತಮ್ಮ ದೇವರನ್ನು ಕೇಳಿದರೆ ಕೇರಿ ಇಲ್ಲ ಎನ್ನುವುದಿಲ್ಲ, ಅವರು ಬರುವುದನ್ನು ಮಾತ್ರ ನಿಲ್ಲಿಸಬಾರದು ಎಂದಿದ್ದಳಂತೆ. ಗೂಡಿಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅದು ಅಜ್ಜಿಯ ಕೆಲಸವೆಂದು ಕೇಳದೆಯೇ ಗೊತ್ತಾಯಿತು.

ನಾನು ಅತ್ತೆಯ ಜೊತೆ ಬಾಡಕ್ಕೆ ಹೋಗಿ ನೋಡಿದೆ. ಬಡಗಿ ಖಡ್ಗ ಮಾಡಿ ಅನುಭವವಿದ್ದವನಲ್ಲ. ಅವನ ಕೈಗೆ ಬರುವ ಆಕಾರ ಯಾವುದೋ ಅದನ್ನೇ ಕೆತ್ತಿದ್ದ. ಉಳಿದಿದ್ದ ಅರ್ಧದಿಂದ ಮೇಲಕ್ಕೆ ಸಪೂರವಾಗಿ ಹೋಗಿ, ತುದಿಯಲ್ಲಿ ಅಗಲವಾಗಿ, ಅಂಚು ದುಂಡಗೆ. ಚೊಕ್ಕಟವಾಗಿ ಕೂಡಿಸಿ ಎಣ್ಣೆ ಹಚ್ಚಿದ್ದ. ಅದು ದೋಣಿಯ ಹುಟ್ಟು. ಜ್ಞಾನದ ದೇವತೆ ಕತ್ತಲೆಯನ್ನು ಕಡಿಯಲು ಹುಟ್ಟು ಎತ್ತಿ ಹಿಡಿದು ಶಾಂತವಾಗಿ ಕೂತಿದ್ದ. ಯಾರೂ ಅದರಲ್ಲಿ ತಪ್ಪು ಕಂಡಂತಿರಲಿಲ್ಲ.

ಆ ಸಂಜೆ ಅಜ್ಜಿ ಕೇಳಿದಳು. “ಯಾವಾಗ ತಕಂಬತ್ತೆ?”

“ಅಲ್ಲೇ ಇರ್ಲಿ ಆಯಿ.”

“ಎಂತಕ್ಕೆ? ಸುಣ್ಣ ಹೊಡ್ದಿದ್ದೆ ನಾನು. ನಿಂಗೆ ಬೇಡ್ವಾ?”

ಅತ್ತೆ ತಾಯಿಯ ಪಕ್ಕ ಕೂತಳು. ಅವಳ ಕೈಯಿಂದ ಅಡಕತ್ತರಿ ತೆಗೆದುಕೊಂಡು ಅಡಿಕೆ ಕತ್ತರಿಸತೊಡಗಿದಳು. “ಕಾಣ್ತದೆ ಆಯಿ,” ಎಂದಳು.

ಅಜ್ಜಿಗೆ ಅರ್ಥವಾಗಲಿಲ್ಲ. ನನಗಾಯಿತು. “ಮುಖವೂ?” ಎಂದು ಕೇಳಿದೆ.

“ಮುಖವೂ. ಎಲ್ಲ. ಕತ್ತಿ ಮಾತ್ರ ಕಣ್ಣು ಮುಚ್ಚಿದ್ರೂ ಹುಟ್ಟಿನ ಹಾಂಗೇ ಕಾಣ್ತದೆ,” ಎಂದಳು. “ನಾ ಎಷ್ಟು ತಿದ್ದಿದ್ರೂ ಕೇಳೂದಿಲ್ಲ.”

ಮರುದಿನ ಬೆಳಿಗ್ಗೆ ನಾನು ಕಿಟಕಿಯ ಬಳಿ ಕೂತಿದ್ದಾಗ ಅವಳು ಬಂದು ಚಾಪೆ ಹಾಸಿ, ಬಿಳಿ ಸುಣ್ಣದ ಖಾಲಿ ಗೂಡಿನ ಮುಂದೆ ಕೂತಳು. ಬಂದರಿನ ಕಡೆಯಿಂದ ಭೋಂಗಾ ಕೇಳಿಸಿತು. ಅವಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಹೂವಿನ ಬುಟ್ಟಿ ಹಿಡಿದು ದೇವರ ಕೋಣೆಯಿಂದ ಹೊರಗೆ ಬಂದಳು. ಮಗಳನ್ನು ನೋಡಿದಳು, ಗೂಡನ್ನು ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಒಂದು ದಾಸವಾಳವನ್ನು ತೆಗೆದು, ಯಾರಿಗೂ ಅಡ್ಡವಾಗದ ಹಾಗೆ ಕೈ ಚಾಚಿ, ಖಾಲಿ ಗೂಡಿನಲ್ಲಿ ಇಟ್ಟು ಒಳಗೆ ಹೋದಳು.